ಅರ್ಧಕ್ಕೆ ನಿಂತ ಗಾಜು

ನಮ್ಮ ಹಳೆಯ ಕಾರಿನ ಡ್ರೈವರ್ ಬದಿಯ ಗಾಜು ಅರ್ಧಕ್ಕೆ ನಿಂತು ವಾರವಾಗಿತ್ತು. ಹ್ಯಾಂಡಲ್ ತಿರುಗಿಸಿ ಏರಿಸುವ, ಇಳಿಸುವ ಗಾಜು ಅದು. ಉತ್ತರಹಳ್ಳಿಯ ಮೆಕ್ಯಾನಿಕ್ ಬಾಗಿಲು ಬಿಚ್ಚಿಯೂ ನೋಡದೆ ತೀರ್ಪು ಕೊಟ್ಟ: “ಗಾಜು ಎತ್ತೋ ಗೇರ್ ಹೋಗಿದೆ ಮೇಡಂ. ಇದ್ರ ಸಾಮಾನು ಈಗ ಬರಲ್ಲ. ಇನ್ನೂ ಎಷ್ಟು ದಿನಾಂತ ಕೈಯಲ್ಲಿ ತಿರುಗಿಸ್ತೀರಾ, ಕೊಟ್ಬಿಡಿ.”

ನಮ್ಮ ಯಜಮಾನರಿಗೆ ಅಷ್ಟು ಸಾಕಾಗಿತ್ತು. “ಭಾನುವಾರ ಎಕ್ಸ್‌ಚೇಂಜ್‌ಗೆ ಹಾಕ್ಬಿಡೋಣ ಕಣೇ,” ಎಂದರು.

ನಲವತ್ತು ದಾಟಿದ ಮೇಲೆ, ಕೋಣನಕುಂಟೆಯ ಖಾಲಿ ಸೈಟುಗಳ ಮಧ್ಯೆ ನಾನು ಡ್ರೈವಿಂಗ್ ಕಲಿತದ್ದು ಈ ಕಾರಿನಲ್ಲೇ. ‘ಈ ವಯಸ್ಸಲ್ಲಿ ನಿನಗ್ಯಾಕೆ’ ಎಂದವರನ್ನೆಲ್ಲ ಇದರಲ್ಲೇ ಕೂರಿಸಿಕೊಂಡು ಜಯನಗರ ಸುತ್ತಿಸಿದ್ದೇನೆ. ಒಂದು ಗಾಜಿಗೋಸ್ಕರ ಇದನ್ನು ಕೊಡುವುದೆಂದರೇನು?

“ರೀ, ಗಾಜು ಸರಿಹೋದ್ರೆ ಕೊಡಲ್ಲ ತಾನೇ?”

“ನೀನು ಸರಿಮಾಡಿದ್ರೆ ದಿನಾ ಬೆಳಿಗ್ಗೆ ನಾನೇ ಕಾರು ಒರೆಸ್ತೀನಿ, ಹೋಗು!”

ಶನಿವಾರ ತಿಂಡಿ ಪಾತ್ರೆ ತೊಳೆದಿಟ್ಟು ಕಾರಿನಲ್ಲಿ ಕೂತೆ. ಗೇರಿನ ಹಲ್ಲು ಸವೆದಿದ್ದರೆ ಹ್ಯಾಂಡಲ್ ಸುಮ್ಮನೆ ಗರಗರ ತಿರುಗಬೇಕಿತ್ತು. ಇದು ಒಂದು ಜಾಗಕ್ಕೆ ಬಂದು ಬಿಗಿಯಾಗುತ್ತಿತ್ತು. ಕೈಬಿಟ್ಟರೆ ತುಸು ಹಿಂದಕ್ಕೆ ಬರುತ್ತಿತ್ತು. ಅಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ.

ಹ್ಯಾಂಡಲ್ಲಿನ ಹಿಂದೆ ಅದನ್ನು ಹಿಡಿದಿಡುವ ಪುಟ್ಟ ಕ್ಲಿಪ್ಪಿತ್ತು. ಹಳೆಯ ರವಿಕೆ ಬಟ್ಟೆಯನ್ನು ಉದ್ದಕ್ಕೆ ಹರಿದು, ಸಂದಿಗೆ ತೂರಿಸಿ, ಮಜ್ಜಿಗೆ ಕಡೆಯುವ ಹಾಗೆ ಎರಡೂ ತುದಿ ಎಳೆದಾಡಿದೆ. ಕ್ಲಿಪ್ಪು ಟಣ್ಣೆಂದು ಹಾರಿ ಸೀಟಿನಡಿ ಹೋಯಿತು. ಹುಡುಕಿ ಜೇಬಿನಲ್ಲಿಟ್ಟುಕೊಂಡು, ಸ್ಕ್ರೂ ಬಿಚ್ಚಿ, ಬಾಗಿಲ ಒಳಹೊದಿಕೆ ತೆಗೆದು ಟಾರ್ಚ್ ಬಿಟ್ಟೆ.

ಗೇರಿನ ಹಲ್ಲುಗಳ ತುಂಬ ಬಾಳೆನಾರು! ಪ್ರತಿ ಆಯುಧಪೂಜೆಗೆ ಸೇವಂತಿಗೆ ಹಾರದ ತುದಿಯನ್ನು ಕಿಟಕಿಯ ಸಂದಿಗಿಟ್ಟು, ಗಾಜೇರಿಸಿ ಬಿಗಿಮಾಡುತ್ತಿದ್ದವಳು ನಾನು. ಹೂ ಬಾಡಿದ ಮೇಲೆ ಜಗ್ಗಿ ಕೀಳುತ್ತಿದ್ದವಳೂ ನಾನೇ. ತುಂಡಾದ ನಾರೆಲ್ಲ ಒಳಗೆ ಬಿದ್ದು, ವರ್ಷ ವರ್ಷವೂ ಸುತ್ತಿಕೊಂಡಿತ್ತು.

ಚಿಮುಟದಲ್ಲಿ ಎಳೆ ಎಳೆಯಾಗಿ ಕಿತ್ತೆ. ಕಾಫಿ ಲೋಟ ಹಿಡಿದು ಬಂದ ಯಜಮಾನರು ನಾರಿನ ಗುಡ್ಡೆ ನೋಡಿ ನಕ್ಕರು. “ನಿನ್ನ ಪೂಜೇನೇ ಕಾರಿಗೆ ಮುಳುವಾಯ್ತಲ್ಲೇ!”

“ಹೂಂ, ನಂದೇ ತಪ್ಪು. ಮುಂದಿನ ವರ್ಷಾನೂ ಹಾರ ಹಾಕ್ತೀನಿ, ಬಾನೆಟ್ ಮೇಲೆ. ಇದೇ ಕಾರಿಗೆ.”

ಗ್ರೀಸ್ ಸವರಿ, ಹ್ಯಾಂಡಲ್ ಕೂರಿಸಿ ತಿರುಗಿಸಿದೆ. ಗಾಜು ಗೊಣಗುತ್ತಲೇ ತುದಿ ಮುಟ್ಟಿತು. ನಂಬಿಕೆ ಬಾರದೆ ಅವರೂ ಎರಡು ಸಲ ಇಳಿಸಿ ಏರಿಸಿ ನೋಡಿದರು.

ರವಿಕೆ ಬಟ್ಟೆಯನ್ನು ಅವರ ಕೈಗಿಟ್ಟೆ. “ತಗೊಳ್ಳಿ. ಈ ಗಾಜಿಂದಾನೇ ಶುರುಮಾಡಿ.”