ಕರಡು ತಿದ್ದುವಾಕೆ ಆಟಕ್ಕಿಳಿದದ್ದು

ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆಯಲ್ಲ, ಮುಖದೆದುರೇ. ಇಪ್ಪತ್ತಾರು ವರ್ಷ ಆಕೆ ಅಲ್ಲಿ ಕರಡು ತಿದ್ದಿದ್ದಳು. ಶಾಲೆಯ ಪುಸ್ತಕ, ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿ, ರೈಲಿನ ವೇಳಾಪಟ್ಟಿ, ಬರೆದವರೂ ಮತ್ತೊಮ್ಮೆ ಓದದ ವಾರ್ಷಿಕ ವರದಿ, ಎಲ್ಲವೂ ಆಕೆಯ ಕೆಂಪು ಪೆನ್ನಿನ ಕೆಳಗೆ ಹಾದೇ ಹೋಗಬೇಕಿತ್ತು. ಒಂದು ಸಲ ಅಲ್ಪವಿರಾಮ ಬಿಟ್ಟುಹೋಗಿದೆಯೆಂದು ಓಡುತ್ತಿದ್ದ ಮೆಷಿನ್ನನ್ನೇ ನಿಲ್ಲಿಸಿದಳು. ಆವತ್ತು ಮಾಲೀಕರು ರೇಗಿ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು.

ಆಕೆಗೆ ಐವತ್ತೊಂದು ತುಂಬಿದ ವರ್ಷ ಪ್ರೆಸ್ಸು ಮುಚ್ಚಿತು. ಮನೆಯಲ್ಲಿ ಕೂತರೆ ಕಣ್ಣು ಸುಮ್ಮನಿರಬೇಕಲ್ಲ? ಸೋಪಿನ ಹೊದಿಕೆ ಓದಿದಳು, ಫ್ರಿಜ್ಜಿನ ಹಿಂದೆ ಅಂಟಿಸಿದ್ದ ಎಚ್ಚರಿಕೆ ಓದಿದಳು, ಕೊನೆಗೆ ಗಂಡನ ಮಾತು ತಿದ್ದಲು ಕೈಹಾಕಿದಳು. ಗಂಡ ಹಿಂದಿನ ಕೋಣೆಯಲ್ಲಿ ಕೂತು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದ. ಮೇಣ, ಸುಣ್ಣದಂಥ ಪುಡಿ, ಬಗೆಬಗೆಯ ಬಿಳುಪಿನ ಹಲ್ಲುಗಳ ಡಬ್ಬಿ, ಅದೇ ಅವನ ಪ್ರಪಂಚ. ಒಂದು ದಿನ ಊಟದ ಹೊತ್ತಿಗೆ ಅವನು ತಡೆಯಲಾರದೆ ಹೇಳಿಬಿಟ್ಟ.

"ಅಲ್ವೇ, ನಾನು ಮಾತಾಡ್ತಾ ಇದ್ದೀನಿ. ಪ್ರೂಫ್ ಕೊಡ್ತಾ ಇಲ್ಲ."

ಮಾರನೆಯ ದಿನ ಅವನೇ ಒಂದು ಸುದ್ದಿ ತಂದ. ಅವನು ಹಲ್ಲು ಕೊಡಲು ಹೋಗುವ ಕ್ಲಿನಿಕ್ಕಿನ ಕಟ್ಟಡದ ಮೂರನೇ ಮಹಡಿಯಲ್ಲಿ ಕಂಪ್ಯೂಟರ್ ಆಟಗಳನ್ನು ಮಾಡುವ ಸಣ್ಣ ಕಂಪನಿಯೊಂದಿತ್ತು. ಮೆಟ್ಟಿಲ ಬಳಿ ಕಾಗದ ಅಂಟಿಸಿದ್ದರು: 'ಅಕ್ಷರ ತಿದ್ದುವವರು ಬೇಕಾಗಿದ್ಧಾರೆ.'

"ದ್ದ ಹೋಗಿ ದ್ಧ ಆಗಿದೆ ನೋಡು," ಅಂದ ಗಂಡ, ಹೆಂಡತಿಯ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಅಷ್ಟಾದರೂ ಕಲಿತಿದ್ದ.

"ಹಾಗಾದ್ರೆ ಅವರಿಗೆ ನಿಜವಾಗ್ಲೂ ಬೇಕಾಗಿದ್ದಾರೆ ರೀ," ಎಂದು ಆಕೆ ಎದ್ದಳು.

ಎಂಟು ಮೇಜು, ಹಗಲಲ್ಲೂ ಎಳೆದೇ ಇರುವ ಕಿಟಕಿ ಪರದೆ, ಕಾಲಿಗೆ ತೊಡರುವ ವೈರು, ಗಾಲಿ ಕುರ್ಚಿಗಳು. ಕಂಪನಿಯ ಯಜಮಾನ ಮೂವತ್ತೈದರ ಆಸುಪಾಸಿನವನು, ಸದಾ ನಗುಮುಖ. ಬೇರೆ ಭಾಷೆಗಳಿಂದ ತಂದ ಆಟಗಳಿಗೆ ನಮ್ಮ ಭಾಷೆಯ ಮಾತು ಕೂರಿಸುವುದೇ ಅವರ ದೊಡ್ಡ ಕೆಲಸ. ಜೊತೆಗೆ ಆಗೊಂದು ಈಗೊಂದು ಸ್ವಂತ ಆಟ.

"ಸರಿ, ಕಾಗದ ಕೊಡಿ, ನೋಡ್ತೀನಿ," ಅಂದಳು ಆಕೆ, ಪೆನ್ನಿನ ಮುಚ್ಚಳ ತೆಗೆದು.

"ಕಾಗದ ಇಲ್ಲ ಮೇಡಂ. ಮಾತೆಲ್ಲ ಆಟದ ಒಳಗಿದೆ. ಪಟ್ಟಿ ಏನೋ ಇದೆ, ಆದ್ರೆ ಯಾವ ಮಾತು ಎಲ್ಲಿ ಬರುತ್ತೆ ಅಂತ ಪಟ್ಟಿಗೆ ಗೊತ್ತಿಲ್ಲ. ಹತ್ತನೇ ಹಂತದ ಮಾತು ನೋಡ್ಬೇಕು ಅಂದ್ರೆ ಹತ್ತನೇ ಹಂತ ಮುಟ್ಟಲೇಬೇಕು."

ಆಕೆ ಮೊದಲ ದಿನ ಮೊದಲ ಹಂತವನ್ನೂ ಮುಟ್ಟಲಿಲ್ಲ. ಪರದೆಯ ಮೇಲೆ ಒಬ್ಬ ಟೋಪಿಯ ಮನುಷ್ಯ ಓಡುತ್ತಿದ್ದ. ಮುಂದೆ ಹಳ್ಳ ಬಂತು, ಹಳ್ಳದ ಮೇಲೆ 'ಆರು' ಎಂದು ಕಾಣಿಸಿತು. ಹೇಳಿದ್ದನ್ನು ಹೇಳಿದಂತೆ ಮಾಡುವವಳು, ಆರರ ಅಂಕಿ ಒತ್ತಿದಳು. ಮನುಷ್ಯ ಹಳ್ಳಕ್ಕೆ ಬಿದ್ದ. ಒಂಬತ್ತು ಸಲ ಆರು ಒತ್ತಿದಳು, ಒಂಬತ್ತು ಸಲವೂ ಬಿದ್ದ. ಪಕ್ಕದ ಮೇಜಿನವನು ಆಗ ಬಗ್ಗಿ ನೋಡಿ ಮೆಲ್ಲಗೆ ಹೇಳಿದ.

"ಅದು ಆರು ಅಲ್ಲ ಅಕ್ಕಾ. ಹಾರು. ಹಕಾರ ಬಿದ್ದುಹೋಗಿದೆ."

"ಹಕಾರ ಬಿದ್ದಿದ್ದಕ್ಕೆ ಈ ಬಡಪಾಯಿ ಒಂಬತ್ತು ಸಲ ಬಿದ್ದ," ಎಂದು ಆಕೆ ಮೊದಲ ತಪ್ಪು ಬರೆದುಕೊಂಡಳು.

ಆ ಪಕ್ಕದ ಮೇಜಿನವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ನಲವತ್ತರ ಹತ್ತಿರದವನು, ದಪ್ಪ ಬೆರಳುಗಳು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆಕೆಗೆ ಆಟ ಕಲಿಸಿದವನು ಅವನೇ. "ಎಡಗೈ ನಡೆಯೋಕೆ, ಬಲಗೈ ನೋಡೋಕೆ," ಎನ್ನುತ್ತಿದ್ದ. ಆಟದೊಳಗೆ ಗೋಡೆಗೆ ಮುಖ ಮಾಡಿ ಆಕೆ ಅರ್ಧ ಗಂಟೆ ನಡೆದರೂ ನಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಆಕೆಯ ಕೈ ಕುದುರಿತು. ಮೂರನೇ ತಿಂಗಳಿಗೆ, ಬೆಳಗಿನ ತಿಂಡಿಗೆ ಮುಂಚೆ ಮನೆಯಲ್ಲೂ ಒಂದು ಸುತ್ತು ಆಡುವಷ್ಟಾಯಿತು.

ತಪ್ಪುಗಳನ್ನು ಬರೆಯಲು ಒಂದು ನಮೂನೆ ಇತ್ತು. ಎಲ್ಲಿ, ತಪ್ಪು ಏನು, ಸರಿ ಏನು. ಕೆಳಗೆ 'ಇತರೆ' ಎಂದು ಎರಡು ಸಾಲಿನ ಖಾಲಿ ಜಾಗ. ಅದನ್ನು ಯಾರೂ ತುಂಬುತ್ತಿರಲಿಲ್ಲ. ಖಾಲಿ ಬಿಡುವುದು ಆಕೆಯ ಜಾಯಮಾನದಲ್ಲಿಲ್ಲ. ಹಾಗಾಗಿ ಆಡಿದ ಆಟದ ಬಗ್ಗೆ ಅನ್ನಿಸಿದ್ದನ್ನು ಅಲ್ಲಿ ಬರೆದಳು.

ಬಣ್ಣದ ಮಣಿಗಳನ್ನು ಮೂರು ಮೂರು ಜೋಡಿಸುವ ಆಟಕ್ಕೆ: 'ಕಾಳು ಆರಿಸುವ ಕೆಲಸ ಇದು. ಬೇಸರವಿಲ್ಲ, ಆದರೆ ಆರಿಸಿದ ಕಾಳನ್ನು ಬೇಯಿಸುವ ಹಾಗಿಲ್ಲ. ಮೂರು ಮಣಿ ಸರಿಸಿದ್ದಕ್ಕೆಲ್ಲ ಅದ್ಭುತ ಎನ್ನುತ್ತದೆ. ನಾಳೆ ನಿಜವಾಗಿ ಅದ್ಭುತವಾದದ್ದು ನಡೆದರೆ ಏನೆನ್ನುತ್ತೀರಿ?'

ಹೊಲ ಮಾಡುವ ಆಟಕ್ಕೆ: 'ನಾನು ಬಸ್ಸಿನಲ್ಲಿರುವಾಗ ನಿಮ್ಮ ಬೆಳೆ ಒಣಗುತ್ತಿದೆ ಬನ್ನಿ ಎಂದು ಕರೆಯುತ್ತದೆ. ಸ್ನಾನದಲ್ಲಿರುವಾಗ ಹಸು ಕಾಯುತ್ತಿದೆ ಎನ್ನುತ್ತದೆ. ಆಟವೆಂದರೆ ಬಿಡುವಾದಾಗ ನಾವು ಹೋಗುವುದು. ಅದೇ ನಮ್ಮ ಮನೆಗೆ ಬಂದು ಕೂತರೆ ಅದಕ್ಕೆ ಚಾಕರಿ ಅನ್ನುತ್ತಾರೆ. ಅಂಗಡಿಯಲ್ಲಿ ಕುದುರೆಯ ಚಿತ್ರದ ಕೆಳಗೆ ಕೊಳ್ಳು ಎಂದಿರಬೇಕಾದ ಕಡೆ ಕೊಲ್ಲು ಎಂದಿದೆ. ನಾನು ಒತ್ತಲಿಲ್ಲ.'

ಕಾರಿನ ಪಂದ್ಯದ ಆಟದಲ್ಲಿ ಆಕೆ ಉಲ್ಟಾ ದಿಕ್ಕಿಗೆ ಹೋಗಿ ರಸ್ತೆ ಬದಿಯ ಮನೆಗಳನ್ನು ನೋಡಿ ಬಂದಿದ್ದಳು. 'ಒಂದು ಮನೆಗೂ ಬಾಗಿಲಿಲ್ಲ. ಎಲ್ಲರೂ ವೇಗವಾಗಿ ಹೋಗುತ್ತಾರೆ, ಯಾರು ನೋಡುತ್ತಾರೆ ಎಂದುಕೊಂಡಿದ್ದೀರಿ. ನಾನು ನೋಡಿದೆ.'

ಯುದ್ಧದ ಆಟಕ್ಕೆ ಬರೆಯುವಾಗ ಮಾತ್ರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. 'ನಲವತ್ತು ಸೈನಿಕರಿಗೆ ಸೇರಿ ಒಂದೇ ಮಾತು ಬರೆದಿದ್ದೀರಿ. ಸತ್ತವರು ಮಾಯವಾಗುತ್ತಾರೆ, ಅದು ಸರಿಯಲ್ಲ. ಆದರೂ ನಿಜ ಹೇಳಬೇಕೆಂದರೆ ಬಹಳ ಮಜವಾಗಿತ್ತು. ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ನಾಚಿಕೆಯಾಗುತ್ತಿದೆ.'

ಯಜಮಾನ ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸೋಮವಾರ ಬೆಳಿಗ್ಗೆ ಎಲ್ಲರೂ ಸೇರುವ ಹೊತ್ತಿನಲ್ಲಿ 'ಇತರೆ' ಗಟ್ಟಿಯಾಗಿ ಓದುವುದೊಂದು ರೂಢಿಯಾಯಿತು. ಜನ ನಗುತ್ತಿದ್ದರು. ಆಕೆ ಬೇಡ ಬೇಡ ಎನ್ನುತ್ತಾ ಚೀಲದಲ್ಲಿ ಏನೋ ಹುಡುಕುವ ಹಾಗೆ ತಲೆ ಬಗ್ಗಿಸುತ್ತಿದ್ದಳು. ಆದರೆ ಒಳಗೊಳಗೇ ಹಿತವಾಗುತ್ತಿತ್ತು. ಇಪ್ಪತ್ತಾರು ವರ್ಷ ಬೇರೆಯವರ ವಾಕ್ಯ ತಿದ್ದಿದವಳ ಸ್ವಂತ ವಾಕ್ಯವನ್ನು ಜನ ಕಾಯುತ್ತಿದ್ದದ್ದು ಇದೇ ಮೊದಲು. ಬರಬರುತ್ತಾ, ಇಲ್ಲಿ ನಗುತ್ತಾರೆ ಎಂದು ಗೊತ್ತುಮಾಡಿಕೊಂಡೇ ಬರೆಯತೊಡಗಿದಳು.

ಆಗ ಮೌನಿಯ ಆಟ ಆಕೆಯ ಮೇಜಿಗೆ ಬಂತು.

ಅದು ಕಂಪನಿಯ ಸ್ವಂತ ಆಟ. ಮೂರು ವರ್ಷ ಅವನೊಬ್ಬನೇ ಕಟ್ಟಿದ್ದು. ತಾಯಿ ತೀರಿಕೊಂಡ ಮೇಲೆ ಮಗಳು ಬಂದು ಆ ಮನೆ ಖಾಲಿ ಮಾಡುತ್ತಾಳೆ. ಆಡುವವರು ಒಂದೊಂದೇ ಸಾಮಾನು ಎತ್ತಿ ಡಬ್ಬಕ್ಕೆ ಹಾಕಬೇಕು. ಯಾವುದನ್ನು ಎತ್ತಿದರೂ ಅದರ ಬಗ್ಗೆ ಮಗಳ ಮಾತು ಪರದೆಯ ಮೇಲೆ ಮೂಡುತ್ತದೆ. ಒಟ್ಟು ನಲವತ್ತು ಸಾವಿರ ಪದ. ಕೊಡುವಾಗ ಮೌನಿ, "ನಿಧಾನಕ್ಕೆ ನೋಡಿ ಅಕ್ಕಾ," ಅಂದ. ಅವನ ಕಿವಿ ಕೆಂಪಾಗಿತ್ತು.

ಆಕೆ ಐದು ದಿನ ಆಡಿದಳು. ಮನೆ ಚೆನ್ನಾಗಿತ್ತು. ಕಪಾಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ನಿಜವಾದ ಕಪಾಟಿನ ಹಾಗೆ. ಕಾಗುಣಿತದ ತಪ್ಪು ಏಳೇ ಏಳು. ಆದರೂ ಒಳಗೆ ಏನೋ ಚುಚ್ಚುತ್ತಿತ್ತು. ಶುಕ್ರವಾರ ಸಂಜೆ ನಮೂನೆ ಎಳೆದುಕೊಂಡು ಬರೆದಳು.

'ಬಾಚಣಿಗೆ ಎತ್ತಿಕೊಂಡಾಗ ನನಗೆ ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಆಟವೇ ಅತ್ತುಬಿಟ್ಟಿತು. ನನಗೆ ಜಾಗವೇ ಉಳಿಯಲಿಲ್ಲ.' ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 'ಈ ಮನೆಯಲ್ಲಿ ಸತ್ತವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲವೂ ಮಾತಾಡುತ್ತವೆ. ಚಮಚಕ್ಕೂ ಬಾಯಿ ಬಂದಿದೆ. ಒಂದು ಹಂತದಲ್ಲಿ ನಾನೇ ಸುಮ್ಮನಿರೋ ಎಂದು ಚಮಚಕ್ಕೆ ಬೈದೆ.'

ಸೋಮವಾರ ಯಜಮಾನ ಎಂದಿನಂತೆ ಓದಿದ. ಚಮಚದ ಮಾತು ಬಂದಾಗ ಕೋಣೆಗೆ ಕೋಣೆಯೇ ನಕ್ಕಿತು. ಮೌನಿ ಎದ್ದು, ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ಹೊರಗೆ ಹೋದ. ನಗು ಒಬ್ಬೊಬ್ಬರಲ್ಲೇ ಆರಿತು. ಆಕೆ ಚೀಲದಿಂದ ತಲೆ ಎತ್ತಿ ಖಾಲಿ ಕುರ್ಚಿ ನೋಡಿದಳು.

ಅಂದು ಮಧ್ಯಾಹ್ನ ಅವನು ಮೆಟ್ಟಿಲ ತಿರುವಿನ ಕಿಟಕಿ ಬಳಿ ನಿಂತಿದ್ದಾಗ ಆಕೆ ಹೋದಳು.

"ತಪ್ಪಾಯ್ತು ಕಣಪ್ಪಾ."

"ಬರೆದಿದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?" ಅವನು ಕಿಟಕಿಯಾಚೆಯೇ ನೋಡುತ್ತಿದ್ದ. "ಬಾಚಣಿಗೆ ವಿಷಯ ಸರಿ ಅನ್ನಿಸ್ತು. ಆದ್ರೆ ಚಮಚದ ಮಾತು ಯಾಕೆ ಬೇಕಿತ್ತು ಅಕ್ಕಾ?"

"ಬೇಕಿರಲಿಲ್ಲ. ಜನ ನಗಲಿ ಅಂತ ಬರೆದೆ."

ಅವನು ತಲೆಯಾಡಿಸಿ ಒಳಗೆ ಹೋದ. ಆಮೇಲೆ ಹದಿನೈದು ದಿನ ಪಕ್ಕದ ಮೇಜಿನಿಂದ ಒಂದು ಮಾತಿಲ್ಲ. ಆಕೆ ಯಜಮಾನನ ಬಳಿ ಹೋಗಿ, "ಇನ್ಮೇಲೆ ನಾನು ಬರೆದದ್ದನ್ನ ಎಲ್ಲರ ಮುಂದೆ ಓದಬೇಡಿ. ಯಾರ ಆಟವೋ ಅವರ ಕೈಗೇ ಕೊಡಿ," ಅಂದಳು. "ಜನಕ್ಕೆ ಇಷ್ಟ ಮೇಡಂ," ಎಂದ ಅವನು. "ನನಗೂ ಇಷ್ಟ ಆಗಿತ್ತು. ಅದಕ್ಕೇ ಬೇಡ," ಅಂದಳು. ನಡೆದದ್ದನ್ನು ಮನೆಯಲ್ಲಿ ಹೇಳಿದಳು. ಗಂಡ ಹಲ್ಲಿಗೆ ಹೊಳಪು ಕೊಡುತ್ತಾ ಎಲ್ಲ ಕೇಳಿಸಿಕೊಂಡ. "ಹಲ್ಲು ಒತ್ತುತ್ತೆ ಅಂತ ಬಂದವರು ನನ್ನನ್ನ ಬೈದ್ರೆ ತಡ್ಕೋತೀನಿ. ಆಡಿಕೊಂಡ್ರೆ ತಡ್ಕೊಳ್ಳೋಕಾಗಲ್ಲ," ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದ.

ಹದಿನಾರನೆಯ ದಿನ ಮೌನಿ ಕುರ್ಚಿ ಸರಿಸಿಕೊಂಡು ಆಕೆಯ ಹತ್ತಿರ ಬಂದ.

"ಆ ಆಟಾನ ಜೊತೆಗೆ ಕೂತು ನೋಡೋಣ್ವಾ?"

"ನಿಮ್ಮ ತಾಯಿ ವಿಷಯ ಇದು. ನಾನು ಹೇಗೆ..."

"ನಮ್ಮಮ್ಮ ಗಟ್ಟಿಮುಟ್ಟಾಗಿದ್ದಾರೆ. ನಿನ್ನೆ ತಾನೇ ಬೈಸಿಕೊಂಡೆ."

ಮೌನಿ ಅಂದು ಆ ವರ್ಷದ ಮಾತನ್ನೆಲ್ಲ ಒಟ್ಟಿಗೇ ಆಡಿದ. ಕಂಪ್ಯೂಟರ್ ಕಲಿಯುವ ಮುಂಚೆ ಅವನು ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ನಾಲ್ಕು ವರ್ಷ ಹಮಾಲನಾಗಿದ್ದ. ತೀರಿಕೊಂಡವರ ಮನೆ ಖಾಲಿ ಮಾಡಲು ಎಷ್ಟೋ ಸಲ ಹೋಗಿದ್ದ.

"ಆ ಮನೆಗಳಲ್ಲಿ ಯಾರೂ ಮಾತಾಡಲ್ಲ ಅಕ್ಕಾ. ಇದು ಹಾಕಿ, ಅದು ಬಿಡಿ, ಅಷ್ಟೇ. ನಾನು ಪಾತ್ರೆಗೆ ಪೇಪರ್ ಸುತ್ತುತ್ತಾ ನನ್ನ ಪಾಡಿಗೆ ಕಥೆ ಕಟ್ಕೋತಿದ್ದೆ. ಈ ಚಮಚ ಯಾರದ್ದು, ಯಾಕೆ ಸೊಟ್ಟಗಾಗಿದೆ ಅಂತ. ಅದನ್ನೇ ಬರೆದೆ."

"ಅಯ್ಯೋ, ಹಾಗಾದ್ರೆ ಇದು ಮಗಳ ಮಾತಲ್ಲ," ಎಂದಳು ಆಕೆ ಕುರ್ಚಿಯಿಂದ ಅರ್ಧ ಎದ್ದು. "ಹಮಾಲನ ಮಾತು! ಅವನಿಗೆ ಗೊತ್ತಿಲ್ಲ, ಊಹೆ ಮಾಡ್ತಾ ಇದ್ದಾನೆ. ಅದನ್ನ ಮಗಳ ಬಾಯಲ್ಲಿ ಇಟ್ರೆ ಸುಳ್ಳು ಕೇಳಿಸದೆ ಇನ್ನೇನು?"

ಅವನು ಪರದೆಯನ್ನೇ ನೋಡುತ್ತಾ ಕೂತ. ಆಮೇಲೆ ಒಂದೇ ಒಂದು ಮಾತು ಹೇಳಿದ. "ಹೌದಲ್ಲ."

ನಾಲ್ಕು ತಿಂಗಳು ಹಿಡಿಯಿತು. ಈಗ ಆಡುವವರು ಮಗಳಲ್ಲ, ಡಬ್ಬ ಹೊರುವವನು. ಮಗಳು ಬಾಗಿಲ ಬಳಿ ನಿಂತು ಇದು ಹಾಕಿ, ಅದು ಬಿಡಿ ಎನ್ನುತ್ತಾಳೆ. ಸಾಮಾನು ಎತ್ತಿದಾಗ ಅವನ ತಲೆಯಲ್ಲಿ ಒಂದು ಊಹೆ ಹಾದುಹೋಗುತ್ತದೆ, ಕೆಲವಕ್ಕೆ ಅದೂ ಇಲ್ಲ. ನಲವತ್ತು ಸಾವಿರ ಪದ ಒಂಬತ್ತು ಸಾವಿರಕ್ಕೆ ಇಳಿಯಿತು. ಪ್ರತಿ ಸಾಲಿಗೂ ಇಬ್ಬರೂ ಜಗಳವಾಡಿದರು. ಕನ್ನಡಕದ ಡಬ್ಬಿಯ ಬಗ್ಗೆ ಒಂದು ಸಾಲನ್ನು ಆಕೆ ಮೂರು ಸಲ ಹೊಡೆದುಹಾಕಿದಳು, ಅವನು ಮೂರು ಸಲ ಮತ್ತೆ ಬರೆದ. ನಾಲ್ಕನೇ ಸಲ ಓದಿದಾಗ ಅದು ಇರಬೇಕಾದ ಸಾಲೇ ಎಂದು ಆಕೆಗೆ ತಿಳಿಯಿತು. "ನಾನು ಸೋತೆ, ಇರಲಿ," ಅಂದಳು.

ಆಟ ಬಿಡುಗಡೆಯಾಯಿತು. ಮಣಿಯ ಆಟವನ್ನು ಆಡುವ ಜನ ಲಕ್ಷಗಟ್ಟಲೆ. ಇದನ್ನು ಆಡಿದವರು ಕೆಲವು ಸಾವಿರ. ಯಜಮಾನ ಮುಖ ಸಣ್ಣಗೆ ಮಾಡಿಕೊಂಡ. ಒಂದು ದಿನ ಮೌನಿ ಒಂದು ಪತ್ರವನ್ನು ಪರದೆಯ ಮೇಲೆ ತೆರೆದು ಆಕೆಗೆ ತೋರಿಸಿದ. ಯಾರೋ ಒಬ್ಬ ಹೆಂಗಸು ಬರೆದಿದ್ದರು: 'ಅರ್ಧ ಆಡಿ ನಿಲ್ಲಿಸಿದ್ದೇನೆ. ಅಪ್ಪನ ಕೋಣೆ ಎರಡು ವರ್ಷದಿಂದ ಬೀಗ ಹಾಕಿಯೇ ಇದೆ. ಮೊದಲು ಅದನ್ನು ತೆಗೆಯುತ್ತೇನೆ. ಆಟ ಆಮೇಲೆ.'

"ಅರ್ಧಕ್ಕೇ ಬಿಟ್ರಲ್ಲ," ಎಂದು ಹಿಂದೆ ನಿಂತು ಓದಿದ ಯಜಮಾನ ಹಲುಬಿದ. ಅರ್ಧಕ್ಕೆ ಬಿಟ್ಟವರ ಸಂಖ್ಯೆ ಅವನಿಗೆ ಒಂದು ತಲೆನೋವು.

"ಬಿಡಲಿ ಬಿಡಿ ಸರ್," ಅಂದಳು ಆಕೆ. "ಆಟ ಆ ಬಾಗಿಲ ತನಕ ಕರ್ಕೊಂಡು ಹೋದ್ರೆ ಸಾಕಲ್ವಾ?"

ಮೌನಿ ಆ ಪತ್ರವನ್ನು ಇನ್ನೊಂದು ಸಲ ಮೊದಲಿನಿಂದ ಓದತೊಡಗಿದ. ಆಕೆ ತನ್ನ ಮೇಜಿಗೆ ತಿರುಗಿದಳು. ಬೇರೆ ದೇಶದಿಂದ ಬಂದ ಮೀನು ಹಿಡಿಯುವ ಆಟವೊಂದು ಕಾದಿತ್ತು. ಎರಡು ಗಂಟೆ ದೋಣಿಯಲ್ಲಿ ಕೂತರೂ ಒಂದು ಮೀನೂ ಕಚ್ಚಲಿಲ್ಲ, ತಿದ್ದಲು ಒಂದು ಅಕ್ಷರವೂ ಕಾಣಿಸಲಿಲ್ಲ. ನೀರು ಮಾತ್ರ ಅಲ್ಲಾಡುತ್ತಿತ್ತು. ಆಕೆಗೆ ಯಾಕೋ ಏಳಲು ಮನಸ್ಸಾಗಲಿಲ್ಲ.