ಗೋಳಿ ಪಲ್ಲೆ ಮತ್ತು ನನ್ನ ಹುಲ್ಲುಹಾಸು

ಈಗಷ್ಟೇ ಪಕ್ಕದ ಮನೆ ಕಡೆಯಿಂದ ಕಳೆಗೆ ಹೊಡೆಯುವ ಔಷಧಿಯ ವಾಸನೆ ಬಂತು. ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಅದರಲ್ಲೇನು ವಿಶೇಷ ಎಂದು ನಿಮಗೆ ಅನ್ನಿಸಬಹುದು. ನನಗೆ ಮಾತ್ರ ಈ ವಾಸನೆ ಬಂದರೆ ಮಲ್ಲಮ್ಮ ನೆನಪಾಗುತ್ತಾಳೆ.

ಮಲ್ಕಾಜ್‌ಗಿರಿಯ ಈ ಮನೆಗೆ ಬಂದ ಹೊಸತು. ಸರಕಾರಿ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗ ಅಳೆದು ಅಳೆದು ನಿವೃತ್ತನಾದವನು ನಾನು. ಕಣ್ಣಿಗೆ ಎಲ್ಲವೂ ಒಂದೇ ಸಮ ಇರಬೇಕು. ಮನೆ ಮುಂದೆ ಹುಲ್ಲುಹಾಸು ಮಾಡಿದೆ, ನಮ್ಮ ದೊಡ್ಡ ಸಾಹೇಬರ ಬಂಗಲೆ ಮುಂದಿತ್ತಲ್ಲ, ಅಂಥದ್ದೇ. ದೊಡ್ಡ ಸಾಹೇಬನಂತೂ ಆಗಲಿಲ್ಲ, ಹುಲ್ಲಾದರೂ ಬೆಳೆಯಲಿ ಎಂಬ ಆಸೆ. "ಒಂದ್ ಹೂವಿಲ್ಲ, ಒಂದ್ ಕಾಯಿಲ್ಲ, ಇದನ್ಯಾಕ ಸಾಕಾಕತ್ತೀರಿ?" ಎಂದು ಹೆಂಡತಿ ಕೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಪಕ್ಕದ ಜಾಗದಲ್ಲಿ ಮನೆ ಕಟ್ಟುತ್ತಿದ್ದರು. ಯಾದಗಿರಿ ಕಡೆಯ ಮಲ್ಲಮ್ಮ ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು, ಬಸುರಿ ಮಗಳ ಜೊತೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ಕುಡಿಯುವ ನೀರಿಗೆಂದು ಬಂದವಳು ಹುಲ್ಲಿನ ನಡುವೆ ತಾನಾಗಿ ಎದ್ದಿದ್ದ ಗೋಳಿ ಪಲ್ಲೆಯ ಸೊಪ್ಪು ನೋಡಿ ನಿಂತೇಬಿಟ್ಟಳು. "ಅಯ್ಯ, ಇಂಥಾ ಚಲೋ ಪಲ್ಲೆ ಬಿಟ್ಟು ಹುಲ್ಲಿಗೆ ನೀರ ಹಾಕ್ತೀರಲ್ರಿ ಸಾಹೇಬ್ರ!" ಅದನ್ನೇ ಇಲ್ಲಿಯ ತೆಲುಗರು ಗಂಗವಾಯಿಲಿ ಎಂದು ಸಂತೆಯಲ್ಲಿ ಕೊಂಡು ಬೇಳೆಗೆ ಹಾಕುತ್ತಾರೆಂಬುದು ನನಗೆಲ್ಲಿ ಗೊತ್ತು? ಅಂದಿನಿಂದ ಎರಡು ದಿನಕ್ಕೊಮ್ಮೆ ಬಂದು ಉಡಿ ತುಂಬ ಕಿತ್ತುಕೊಂಡು ಹೋಗುತ್ತಿದ್ದಳು. ಪುಕ್ಕಟೆ ಕಳೆ ಹೋಯಿತಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಆದರೂ ಹುಲ್ಲು ನನ್ನ ಅಳತೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಅಂಗಳಕ್ಕೆಲ್ಲ ಔಷಧಿ ಹೊಡೆದು, ಪಿಂಚಣಿ ಕೆಲಸಕ್ಕೆ ನಾಂಪಲ್ಲಿಗೆ ಹೋದೆ. ಸಂಜೆ ಬಂದಾಗ ಹೆಂಡತಿ ಸಹಜವಾಗಿ ಹೇಳಿದಳು: "ಮಲ್ಲಮ್ಮ ಬಂದಿದ್ಲು, ಪಲ್ಲೆ ಒಯ್ದಾಳ."

ಚಪ್ಪಲಿಯಿಲ್ಲದೆ ಓಡಿದೆ. ಶೆಡ್ಡಿನಲ್ಲಿ ಮಗಳು ತಾಟು ಮುಂದಿಟ್ಟುಕೊಂಡು ಮೊದಲ ತುತ್ತು ಕಲಸುತ್ತಿದ್ದಳು. "ತಿನಬ್ಯಾಡವಾ!" ಎಂದು ಕೂಗಿದೆ. ಪುಣ್ಯಕ್ಕೆ ಯಾರೂ ತಿಂದಿರಲಿಲ್ಲ. ತೊದಲುತ್ತ ವಿಷಯ ಹೇಳಿದೆ.

ಮಲ್ಲಮ್ಮ ಬೈಯಲಿಲ್ಲ. "ತಿನ್ನೂ ಪಲ್ಲೆಕ್ಕ ಯಾರರ ವಿಷ ಹೊಡೀತಾರೇನ್ರಿ?" ಎಂದಳು. ನಿಜವಾಗಿಯೂ ತಿಳಿಯದೆ ಕೇಳಿದಳು. ಕುದಿಸಿದ ಬೇಳೆಯನ್ನೆಲ್ಲ ಅವಳೇ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದಳು. ನಮ್ಮ ಮನೆಯಿಂದ ರೊಟ್ಟಿ ಹೋಯಿತು, ನಿಜ. ಆದರೆ ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಔಷಧಿ ಅವತ್ತಿಗೇ ಬಿಟ್ಟೆ. ಹುಲ್ಲು ಕಿತ್ತು, ಮಣ್ಣು ಅಗೆದು, ಅಡುಗೆಮನೆಯ ಸಿಪ್ಪೆ, ಒಣ ಎಲೆ ಕೊಳೆಸಿ ಹಾಕಿದೆ. ಮುಂದಿನ ಮಳೆಗಾಲಕ್ಕೆ ಗೋಳಿ ಪಲ್ಲೆ ಅಂಗಳ ತುಂಬ ಹಬ್ಬಿತು, ಚಿಟ್ಟೆಗಳೂ ಬಂದವು. ಮಲ್ಲಮ್ಮ ನೀರಿಗೆ ಬರುತ್ತಿದ್ದಳು, ನೆಲ ಮಾತ್ರ ನೋಡುತ್ತಿರಲಿಲ್ಲ.

"ಕಿತ್ತಗೋ ಮಲ್ಲಮ್ಮ, ಏನೂ ಹೊಡದಿಲ್ಲ."

"ಇರ್ಲಿ ಬಿಡ್ರಿ ಸಾಹೇಬ್ರ."

ಎಷ್ಟು ಮರ್ಯಾದೆಯಿಂದ ಅನ್ನುತ್ತಿದ್ದಳೆಂದರೆ, ಬೈದಿದ್ದರೇ ವಾಸಿಯಿತ್ತು. ಕೊನೆಗೊಂದು ಭಾನುವಾರ ಹೆಂಡತಿಯಿಂದ ಅದೇ ಪಲ್ಲೆಯ ಬೇಳೆ ಮಾಡಿಸಿ, ಮಲ್ಲಮ್ಮ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಎರಡು ಜೋಳದ ರೊಟ್ಟಿ ಉಂಡೆ. ತಾಟು ಖಾಲಿಯಾಗುವವರೆಗೆ ನಿಂತು ನೋಡಿದಳು. ಕೀಳದೆಯೇ ಹೋದಳು. ಮರುದಿನ ಬೆಳಿಗ್ಗೆಯೇ ಬಂದು ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದಳು: "ಸಾಹೇಬ್ರು ಅರಾಮ ಅದಾರೇನ್ರಿ?" ಒಳಗಿನಿಂದ ಗಟ್ಟಿಯಾಗಿ ಕೆಮ್ಮಿದೆ. ಆಗ ಅಂಗಳದಲ್ಲಿ ಉಡಿ ಕಟ್ಟಿ ಕೂತಳು.

ಮನೆ ಮುಗಿಯಿತು, ಅವರು ಬೇರೆ ಕೆಲಸಕ್ಕೆ ಹೋದರು. ಈಗ ಅಲ್ಲಿರುವವರು ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿಸುವ ಒಳ್ಳೆಯ ಮನುಷ್ಯ. ಇವತ್ತು ವಾಸನೆ ಬಂದದ್ದೇ, ಚಹಾ ಬಿಟ್ಟು ಅವರ ಗೇಟಿಗೆ ಹೋದೆ. ಪಂಪು ಹೊತ್ತು ನಿಂತಿದ್ದರು. ಔಷಧಿ ಬೇಡವೆಂದೆ. "ಬರೀ ಕಳೆ ಅಂಕಲ್, ಇದನ್ನ ಯಾರು ತಿಂತಾರೆ?" ಎಂದು ತೆಲುಗಿನಲ್ಲಿ ಹೇಳಿ ನಕ್ಕರು.

"ನಾವು ತಿಂತೀವಿ" ಎಂದೆ.