ಸೀಟಿನ ಕೆಳಗಿನ ಕುಡಗೋಲು

ಆ ವರ್ಷ ನಾನು ಕನ್ನಡಿಯಲ್ಲಿ ಹಿಂದಿನ ರಸ್ತೆಗಿಂತ ಹಿಂದಿನ ಸೀಟನ್ನೇ ಹೆಚ್ಚು ನೋಡುತ್ತಿದ್ದೆ. ಮಳೆಗಾಲದ ಒಂದು ಮಧ್ಯಾಹ್ನ, ಮಲಾಡ್ ದಾಟಿ ಸಮುದ್ರದ ಖಾಡಿಯ ಕಡೆ ಹೋಗುವ ರಸ್ತೆಯಲ್ಲಿ, ನನ್ನ ಟ್ಯಾಕ್ಸಿಯ ಹಿಂದೆ ಕೂತಿದ್ದ ಇಬ್ಬರಲ್ಲಿ ಒಬ್ಬ ನನ್ನ ಕೊರಳಿಗೆ ಟವೆಲ್ ಹಾಕಿ ಎಳೆದಿದ್ದ. ಇನ್ನೊಬ್ಬ ಕೈ ಚಾಚಿ ಫೋನು ಕಿತ್ತುಕೊಂಡಿದ್ದ. ಎದುರಿಗೆ ಬಸ್ಸು ಬಂದದ್ದೇ ಬಾಗಿಲು ತೆಗೆದು ಓಡಿದರು. ಕೊರಳಿನ ಕೆಂಪು ಗೆರೆ ಕೆಲವು ದಿನಕ್ಕೆ ಮಾಸಿತು. ಆದರೆ ಹಿಂದೆ ಯಾರಾದರೂ ಕೆಮ್ಮಿದರೆ ಸಾಕು, ಬೆನ್ನು ಸೆಟೆದುಕೊಳ್ಳುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗಲೂ ಒಂದು ಕೈ ಕೊರಳಿನ ಹತ್ತಿರವೇ ಇರುತ್ತಿತ್ತು.

ಕಾಂದಿವಲಿಯ ನಮ್ಮ ಚಾಳಿನಲ್ಲಿ ಎಲ್ಲರೂ ಬುದ್ಧಿ ಹೇಳಿದರು. ಪಕ್ಕದ ಖೋಲಿಯ, ಗಾರೆ ಕೆಲಸದ ಗೌಂಡಿ ನಮ್ಮ ವಿಜಯಪುರ ಕಡೆಯವನೇ. "ಒಂದ ಕಬ್ಬಿಣದ ರಾಡ್ ಇಟ್ಕೋ ತಮ್ಮಾ. ತೋರಿಸಿದ್ರ ಸಾಕು, ಹೊಡಿಯೂದ ಬ್ಯಾಡ" ಎಂದ.

ಫೋರ್ಟಿನಲ್ಲಿ ನಾನು ಮೊದಲು ಕಪ್ಪು ತೊಳೆಯುತ್ತಿದ್ದ ಹೋಟೆಲಿನ ಉಡುಪಿ ಯಜಮಾನರನ್ನು ಕೇಳಿದೆ. ಅವರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳದೆಯೇ ಕೈ ಆಡಿಸಿದರು. "ರಾಡು ಗೀಡು ಎಲ್ಲ ಬೇಡ ಮಾರಾಯ. ಪೊಲೀಸರು ಹಿಡಿದ್ರೆ ನಿನ್ನ ಟ್ಯಾಕ್ಸಿ ಬ್ಯಾಜ್ ಹೋಗ್ತದೆ. ಹೋದ್ರೆ ಬಾ, ಕಪ್ಪು ಬಸಿಯೆಲ್ಲ ಇಲ್ಲೇ ಉಂಟು."

ನಗುತ್ತ ಹೇಳಿದರೂ ಆ ಮಾತು ನನಗೆ ಚುಚ್ಚಿತು. ಆ ಬ್ಯಾಜ್ ಸುಮ್ಮನೆ ಬಂದದ್ದಲ್ಲ. ಹಗಲು ಕಪ್ಪು ತೊಳೆದು, ಸಂಜೆ ಅಲ್ಲೇ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ನನಗಿಂತ ಎಷ್ಟೋ ಚಿಕ್ಕವರ ಜೊತೆ ಕೂತು, ಗಡ್ಡ ಬಂದ ಮೇಲೆ ಪಾಸಾದೆ. ಆ ಸರ್ಟಿಫಿಕೇಟಿನಿಂದ ಲೈಸೆನ್ಸ್ ಸಿಕ್ಕಿತು, ಆಮೇಲೆ ಬ್ಯಾಜ್. ಒಂದು ಕೇಸು ಬಿದ್ದರೆ ಎಲ್ಲ ಮೊದಲಿನ ಜಾಗಕ್ಕೇ ಬರುತ್ತದೆ.

ಮನೆಗೆ ಬಂದು ಇದನ್ನೇ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬ್ಯಾಜ ಇದ್ದು ನೀವ ಇಲ್ಲಾಂದ್ರ? ಬ್ಯಾಜಿಗೆ ತಾಟ ಹಚ್ಚಿ ಊಟಕ್ಕ ನೀಡಲೇನು?"

ನಾನು ಕೈ ತೊಳೆದು ತಾಟಿನ ಮುಂದೆ ಕೂತೆ.

ಖಂಡೇನವಮಿ ಬಂತು. ನಮ್ಮ ಕಡೆ ಅವತ್ತು ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ಟ್ಯಾಕ್ಸಿ ತೊಳೆದು ಚೆಂಡುಹೂವಿನ ಮಾಲೆ ಹಾಕಿದೆವು. ಸ್ಟೇರಿಂಗ್ ಕೆಳಗೆ ಕಾಲಿಡುವ ಜಾಗದಲ್ಲಿ ಅವಳು ಜ್ಯಾಕು, ಚಕ್ರ ಬಿಚ್ಚುವ ಪಾನಾ, ತನ್ನ ಹೊಲಿಗೆ ಕತ್ತರಿ, ಅಡುಗೆಮನೆಯ ಮಿಕ್ಸರ್ ಎಲ್ಲ ಸಾಲಾಗಿ ಇಟ್ಟಳು. ಕೊನೆಗೆ ಮನೆಯ ಟ್ರಂಕಿನ ತಳದಿಂದ ತವರಿನ ಕುಡಗೋಲು ತೆಗೆದಳು. ಜೋಳ ಕೊಯ್ದು ಕೊಯ್ದು ಸವೆದದ್ದು. ಎಲ್ಲಕ್ಕೂ ಎಣ್ಣೆ ಕಲಸಿದ ಕುಂಕುಮ ಹಚ್ಚಿ, ತಂಗಿಗೆ ಕಳಿಸಲು ಫೋಟೋ ತೆಗೆದಳು. ಮಿಕ್ಸರ್, ಕತ್ತರಿ ಮನೆಗೆ ಹೋದವು. ಜ್ಯಾಕು, ಪಾನಾ ಡಿಕ್ಕಿಗೆ ಹೋದವು. ಕುಡಗೋಲನ್ನು ಮಾತ್ರ ನನ್ನ ಸೀಟಿನ ಬುಡಕ್ಕೆ ಸರಿಸಿದಳು.

"ಬನ್ನಿ ಕೊಡೂತನಕ ಇದನ್ನ ಎತ್ತಬಾರ್ದ ನೋಡ್ರಿ."

ಪದ್ಧತಿಯೇನೋ ಹೌದು. ಮರುದಿನ ದಸರೆಗೆ ಬನ್ನಿ ಎಲೆ ಕೊಟ್ಟು ತಗೊಂಡ ಮೇಲೇ ಪೂಜೆಯ ಆಯುಧ ಎತ್ತಬೇಕು. ಆದರೆ ಬನ್ನಿ ಕೊಟ್ಟ ಮೇಲೂ ಅದು ಅಲ್ಲಿಂದ ಏಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ಹಾಗಾದರೆ ಕತ್ತರಿ, ಮಿಕ್ಸರ್ ಅವತ್ತೇ ಯಾಕೆ ಎತ್ತಿದೆ ಎಂದು ನಾನು ಅವಳನ್ನು ಕೇಳಲಿಲ್ಲ.

ದಸರೆಯ ಬೆಳಿಗ್ಗೆ ಮಲಾಡಿನಲ್ಲಿ ಪೊಲೀಸರ ನಾಕಾಬಂದಿ, ಗಾಡಿಗಳ ತಪಾಸಣೆ. ಹಿಂದೆ ಮಿಠಾಯಿ ಡಬ್ಬಿ ಹಿಡಿದ ಒಬ್ಬ ಗುಜರಾತಿ ಹೆಂಗಸು ಕೂತಿದ್ದರು. ಹವಾಲ್ದಾರ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ಕುಡಗೋಲು ಎಳೆದ. ಎಣ್ಣೆ ಕುಂಕುಮ ಅಲಗಿನ ತುಂಬ ಹರಡಿ, ಹಸಿಹಸಿಯಾಗಿ ಕೆಂಪಗಿತ್ತು.

"ಯೇ ಕ್ಯಾ ಹೈ?"

"ಕುಂಕು, ಸಾಹೇಬ್."

"ಬಾಪ್ ರೇ!" ಎಂದು ಆ ಹೆಂಗಸು ಮಿಠಾಯಿ ಡಬ್ಬಿ ಎದೆಗೆ ಒತ್ತಿಕೊಂಡು ಇಳಿದು, ಹಿಂದೆ ನೋಡದೆ ಒಂದು ಆಟೋ ಹತ್ತಿಬಿಟ್ಟರು. ಹವಾಲ್ದಾರ ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದ. ಸ್ವಲ್ಪ ಸಮಾಧಾನವಾದ ಹಾಗೆ ಕಂಡರೂ ಗಾಡಿಯ ಕೀಲಿ, ನನ್ನ ಬ್ಯಾಜ್ ಎರಡನ್ನೂ ತೆಗೆದುಕೊಂಡು ಪೊಲೀಸ್ ಚೌಕಿಗೆ ನಡೆ ಎಂದ.

ಚೌಕಿಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಇದ್ದರು. ಅವರು ಮರಾಠಿಯಲ್ಲಿ ಕೇಳಿದರು, ನಾನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಮೇಜಿನ ಮೇಲೆ ಒಂದು ಕಡೆ ಕುಡಗೋಲು, ಅದರ ಪಕ್ಕ ನನ್ನ ಬ್ಯಾಜ್. ನನ್ನ ಕಣ್ಣು ಬ್ಯಾಜ್ ಬಿಟ್ಟು ಕದಲಲಿಲ್ಲ. ನಾನು ಫೋನ್ ಮಾಡಿದ್ದರಿಂದ ಹೆಂಡತಿ ಓಡಿ ಬಂದು, ಏದುಸಿರಿನಲ್ಲೇ ಪೂಜೆಯ ಫೋಟೋ ತೋರಿಸಿದಳು.

"ಮಿಕ್ಸರ್‌ಗೂ ಪೂಜೆಯಾ?" ಎಂದು ಮೇಡಂ ನಕ್ಕರು. ಅವರ ಮನೆಯಲ್ಲೂ ಖಂಡೇನವಮಿ ಇತ್ತಂತೆ. ಬನ್ನಿಯ ತನಕ ಎತ್ತುವುದಿಲ್ಲ ಎಂದು ಹೆಂಡತಿ ಹೇಳಿದಾಗ ತಲೆಯಾಡಿಸಿದರು. ನನಗೆ ಉಸಿರು ಬಂತು.

ಆಗ ಅವರು ನನ್ನ ಕಡೆ ತಿರುಗಿದರು. "ನಾಳೆ ತೆಗೆಯುತ್ತಿದ್ದೆಯಾ ಇದನ್ನು?"

ಹೆಂಡತಿ ಹಿಂದಿನಿಂದ ಮೊಣಕೈ ಚಿವುಟಿದಳು. ಹೌದು ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದು ಬೇರೆ. "ಇಲ್ಲ ಮೇಡಂ. ಹೆದರಿಕೆ ಆಗ್ತದೆ." ಟವೆಲಿನ ಕತೆ ಹೇಳಿದೆ.

"ಕಂಪ್ಲೇಂಟ್ ಕೊಟ್ಟೆಯಾ?"

"ಇಲ್ಲ. ಗಾಡಿ ನಿಲ್ಲಿಸಿಕೊಳ್ಳುತ್ತೀರಿ ಅಂದುಕೊಂಡೆ."

"ಅವರಿಗೂ ಹೆದರುತ್ತೀ, ನಮಗೂ ಹೆದರುತ್ತೀ" ಎಂದು ಅವರು ಮೊದಲು ಟವೆಲಿನ ಕಂಪ್ಲೇಂಟನ್ನೇ ಬರೆಸಿಕೊಂಡರು. ಆಮೇಲೆ ಕುಡಗೋಲು ತಮ್ಮ ಕಡೆ ಎಳೆದುಕೊಂಡರು. "ಹೊಲದಲ್ಲಿ ಇದು ಸಾಮಾನು. ಸೀಟಿನ ಕೆಳಗೆ ಇದು ಹತ್ಯಾರ. ಪಾನಾ ಡಿಕ್ಕಿಯಲ್ಲಿದ್ದರೆ ಯಾರೂ ಕೇಳುವುದಿಲ್ಲ, ನಿನ್ನ ತೊಡೆಯ ಪಕ್ಕ ಇದ್ದರೆ ನಾನು ಕೇಳುತ್ತೇನೆ. ಮೆಣಸಿನ ಸ್ಪ್ರೇ ಇಟ್ಟುಕೋ, ಅದಕ್ಕೆ ಲೈಸೆನ್ಸ್ ಬೇಡ. ಜಗಳಕ್ಕೆ ಹೊಡೆದರೆ ಮಾತ್ರ ಅದೂ ಕೇಸೇ."

ಕುಡಗೋಲು ವಾಪಸ್ ಸಿಗಲಿಲ್ಲ. ಬ್ಯಾಜ್ ಸಿಕ್ಕಿತು. ಮೇಲೆ ಒಂದು ಎಲೆ ಇಟ್ಟು ಕೊಟ್ಟರು. ಮರಾಠಿಯವರು ಅದಕ್ಕೆ ಸೋನಾ ಅನ್ನುತ್ತಾರೆ. ಮರ ಬೇರೆ, ಕೊಡುವುದು ನಮ್ಮ ಬನ್ನಿಯ ಹಾಗೆಯೇ. ಬ್ಯಾಜ್ ಹಿಡಿಯುವ ಆತುರದಲ್ಲಿ ಎಲೆ ಕೆಳಗೆ ಬಿತ್ತು, ಹೆಂಡತಿ ಹೆಕ್ಕಿದಳು.

ಮಾರ್ಕೆಟ್‌ನಲ್ಲಿ ಸ್ಪ್ರೇ ಕೊಂಡೆವು. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಅವಳಿಗೆ ಓದಿ ಹೇಳಿ, ಬಾಗಿಲ ಪಕ್ಕದ ಖಾನೆಯಲ್ಲಿ ಇಟ್ಟೆ. ಯಾವಾಗಲೂ ಮುಂದೆ ಕೂರುವವಳು ಅವತ್ತು ಏನೂ ಹೇಳದೆ ಹಿಂದಿನ ಬಾಗಿಲು ತೆಗೆದು, ಸರಿಯಾಗಿ ನನ್ನ ಬೆನ್ನ ಹಿಂದೆ ಕೂತಳು.

ಸ್ವಲ್ಪ ದೂರ ಹೋದ ಮೇಲೆ ಅಂದಳು, "ಇಲ್ಲಿಂದ ನಿಮ್ಮ ಕುತ್ತಿಗಿ ಒಂದ ಕಾಣತೈತ್ರಿ."

ನನ್ನ ಒಂದು ಕೈ ಕೊರಳಿಗೆ ಹೋಯಿತು.

"ಕುಡಗೋಲ ಇದ್ರೂ ನೀವು ಬಗ್ಗೂದ್ರಾಗ ಅವರ ಕೆಲಸ ಮುಗೀತಿತ್ತು. ಹೋಗ್ಲಿ ಬಿಡ್ರಿ, ನಮ್ಮವ್ವಂದಿತ್ತು, ಅಷ್ಟ."

ನಾನು ಮತ್ತೆ ಕನ್ನಡಿ ನೋಡಿದೆ. ಮತ್ತೊಮ್ಮೆ ನೋಡಿದೆ. ಅವಳು ನನ್ನ ಸೀಟಿನ ಬೆನ್ನಿಗೆ ಕೈಯಿಂದ ತಟ್ಟಿದಳು.

"ಇವತ್ತರೆ ಮುಂದ ನೋಡಿ ಹೊಡೀರಿ. ಹಿಂದ ನಾ ಅದೀನಿ."